ಅರಫಾತಿನಲ್ಲಿ ನಾನು ಕಂಡಷ್ಟು

ಹಜ್ ಯಾತ್ರಿಕರ ಜೊತೆ ಸಹಾಯಕರಾಗಿ ಹೋಗುವ ಸರ್ಕಾರಿ ನೌಕರರಿಗೆ ಹೊರಡುವ ಮುಂಚೆ ತರಬೇತಿ ಇರುತ್ತದೆ. ಯಾವ ಬಾಗಿಲಿಂದ ಒಳಗೆ ಕರೆದೊಯ್ಯಬೇಕು, ಯಾರಾದರೂ ಕಳೆದುಹೋದರೆ ಎಲ್ಲಿಗೆ ಫೋನು ಮಾಡಬೇಕು, ಬಿಸಿಲು ಬಡಿದರೆ ಏನು ಮಾಡಬೇಕು, ಎಲ್ಲವನ್ನೂ ಹೇಳಿಕೊಡುತ್ತಾರೆ. ಊರಿಗೆ ವಾಪಸು ಬಂದಮೇಲೆ ಏನಾಗುತ್ತದೆ ಎಂದು ಹೇಳಿಕೊಡುವುದಿಲ್ಲ. ಈ ಸಲ ನಮ್ಮ ಜಿಲ್ಲೆಯಿಂದ ಸಹಾಯಕರಾಗಿ ಹೊರಟಿರುವ ಕೆಲವರು ನನ್ನನ್ನು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಗೊತ್ತಿರುವಷ್ಟನ್ನು ಬರೆಯುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ನಾನು ಆರೋಗ್ಯ ಇಲಾಖೆಯಲ್ಲಿ ಕಿರಿಯ ಆರೋಗ್ಯ ಸಹಾಯಕನಾಗಿದ್ದೆ. ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲೇ ನೌಕರಿ ಮುಗಿಯಿತು. ಜ್ವರದವರ ರಕ್ತ ತೆಗೆಯುವುದು, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸುವುದು, ಮಕ್ಕಳಿಗೆ ಲಸಿಕೆ. ಪ್ರತಿ ವರ್ಷ ಹಜ್ಜಿಗೆ ಹೊರಡುವವರಿಗೆ ಮಿದುಳು ಜ್ವರದ ಲಸಿಕೆ ಹಾಕಬೇಕಾಗುತ್ತಿತ್ತು. ನಮ್ಮ ಕಡೆ ಅದು ನನ್ನ ಪಾಲಿಗೆ ಬರುತ್ತಿತ್ತು. ಹಾಗೆ ಪರಿಚಯವಾಗಿ, ಆಮೇಲೆ ಮೂರು ಸಲ ಅವರ ಜೊತೆಯಲ್ಲೇ ಮಕ್ಕಾಕ್ಕೆ ನಿಯೋಜನೆಯಾದೆ. ಮೊದಲ ಎರಡು ಸಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರನೆಯದು ಇನ್ನೂ ಮುಗಿದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಆ ವರ್ಷದ ಯಾತ್ರಿಕರಿಗೆ ಮದ್ದೂರಿನ ಒಂದು ಮದುವೆ ಮಂಟಪದಲ್ಲಿ ತರಬೇತಿ ಇಟ್ಟಿದ್ದರು. ಮಧ್ಯದಲ್ಲಿ ಬಟ್ಟೆ ಬೀರುವಿಗೆ ಕಪ್ಪು ಬಟ್ಟೆ ಹೊದಿಸಿ ಕಾಬಾ ಎಂದು ತೋರಿಸಿ, ಅದರ ಸುತ್ತ ಏಳು ಸುತ್ತು ನಡೆಸುತ್ತಿದ್ದರು. ಆ ತುದಿಯ ಕಂಬ ಸಫಾ ಗುಡ್ಡ, ಈ ತುದಿಯ ಕಂಬ ಮರ್ವಾ ಗುಡ್ಡ, ನಡುವೆ ಏಳು ಸಲ ನಡಿಗೆ. ಊಟದ ಹಾಲ್ ಅರಫಾತ್ ಬಯಲು. ಕಲಿಸುತ್ತಿದ್ದ ಮೌಲವಿಯವರನ್ನು ಎಲ್ಲರೂ ಹಜರತ್ ಎನ್ನುತ್ತಿದ್ದರು. ಆರೋಗ್ಯದ ವಿಷಯ ಹೇಳುವ ಕೆಲಸ ನನ್ನದು.

ಹಲಗೂರಿನಿಂದ ಬಂದಿದ್ದ ಅಮೀರ್‌ಜಾನ್ ಮತ್ತು ಅವರ ಹೆಂಡತಿ ಜೈನಾಬಿಯನ್ನು ನಾನು ಮೊದಲು ನೋಡಿದ್ದು ಅಲ್ಲಿ. ಅಮೀರ್‌ಜಾನರು ಎತ್ತುಗಳಿಗೆ ಲಾಳ ಕಟ್ಟುವವರು. ಅವರ ಬೀದಿಯಲ್ಲಿ ಮುಸಲ್ಮಾನರ ಮನೆ ಅದೊಂದೇ. ಉರ್ದುವಿನಲ್ಲಿ ಮಾತು ಶುರುಮಾಡಿದರೂ ಎರಡನೇ ವಾಕ್ಯಕ್ಕೆ ಕನ್ನಡಕ್ಕೆ ಬರುತ್ತಿದ್ದರು. ನನಗೂ ಅದೇ ಹಿತವಾಗಿತ್ತು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಲಸಿಕೆ ಹಾಕಿದ ದಿನದಿಂದ ಅವರು ನನ್ನನ್ನು ಸೂಜಿ ಸಾಹೇಬ್ರು ಎಂದೇ ಕರೆದರು.

ಸುತ್ತು ಶುರುವಾಗುವ ಹೊತ್ತಿಗೆ ಎಲ್ಲಿಂದಲೋ ಗಂಟೆ ಸದ್ದು ಬಂತು. ಹಜರತ್ ನಿಂತು ನೋಡಿದರು. ಅಮೀರ್‌ಜಾನರ ಹೆಗಲ ಚೀಲಕ್ಕೆ ಎತ್ತಿನ ಕೊರಳ ಹಿತ್ತಾಳೆ ಗಂಟೆ ಕಟ್ಟಿತ್ತು. ಕಟ್ಟಿದವರು ಜೈನಾಬಿ.

"ಗಂಟೆ ಕೂಡದಮ್ಮ, ಪ್ರಯಾಣದಲ್ಲಿ ಅದು ನಿಷಿದ್ಧ. ಬಿಚ್ಚಿಬಿಡಿ" ಎಂದರು ಹಜರತ್.

"ಇದಿಲ್ದಿದ್ರೆ ಈವಯ್ಯ ಮಳವಳ್ಳಿ ಸಂತೇಲೇ ಕಳ್ದೋಯ್ತಾರೆ ಕಣ್ರೀ ಅಜ್ರತ್ತು. ಅಲ್ಲಿ ಕಳ್ದೋದ್ರೆ ನೀವ್ ಉಡುಕ್ಕೊಡ್ತೀರಾ?"

"ಒಂದು ಬಣ್ಣದ ಬಟ್ಟೆ ಕಟ್ಟಿ. ದೂರದಿಂದ ಕಾಣುತ್ತದೆ."

"ಬಟ್ಟೆ ಸದ್ ಮಾಡುತ್ತಾ?"

ಅಮೀರ್‌ಜಾನರು ತಾವೇ ಗಂಟೆ ಬಿಚ್ಚುತ್ತಾ ನನ್ನ ಕಡೆ ತಿರುಗಿದರು. "ನಾ ಲಾಳ ಕಟ್ಟದ ನೋಡಿ ನೋಡಿ ನನ್ನೂ ಎತ್ತು ಅಂದ್ಕಂಡವ್ಳೆ. ಬುಡಿ ಸಾಹೇಬ್ರೆ."

ಆ ದಿನ ಇಡೀ ಮಂಟಪ ನಕ್ಕಿತು. ಜೈನಾಬಿ ನಗಲಿಲ್ಲ. ಗಂಟೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಬೀರುವಿನ ಸುತ್ತ ಗಂಡನ ಹಿಂದೆ ಹಿಂದೆಯೇ ನಡೆದರು.

ಮಕ್ಕಾದಲ್ಲಿ ಮೊದಲ ವಾರ ಎಲ್ಲ ಚೆನ್ನಾಗಿತ್ತು. ಗಂಡಸರು ಯಾತ್ರೆಯ ದೀಕ್ಷೆಯಾದ ಇಹ್ರಾಮಿನಲ್ಲಿ ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ ಉಡುತ್ತಾರೆ. ಒಂದು ಸೊಂಟಕ್ಕೆ, ಇನ್ನೊಂದು ಹೆಗಲಿಗೆ. ಸೊಂಟದ್ದು ಮೊಣಕಾಲಿನ ಕೆಳಗಿರಬೇಕು. ನಮ್ಮ ಕಡೆಯ ಗಂಡಸರಿಗೆ ಪಂಚೆ ಉಟ್ಟು ನಾಲ್ಕು ಹೆಜ್ಜೆ ನಡೆದರೆ ಅದನ್ನು ಮೇಲೆತ್ತಿ ಕಟ್ಟುವುದು ಕೈಗೆ ಬಂದ ಅಭ್ಯಾಸ. ಕಾಬಾದ ಅಂಗಳದಲ್ಲಿ ಮೂರನೇ ಸುತ್ತಿನ ಹೊತ್ತಿಗೆ ಅಮೀರ್‌ಜಾನರು ಗದ್ದೆಗಿಳಿಯುವವರ ಹಾಗೆ ಬಟ್ಟೆಯನ್ನು ತೊಡೆಯವರೆಗೆ ಮಡಿಸಿ ಕಟ್ಟಿಬಿಟ್ಟಿದ್ದರು. ಪಕ್ಕದಲ್ಲಿದ್ದ, ಯಾವ ದೇಶದವರೋ ತಿಳಿಯದ ಮುದುಕರೊಬ್ಬರು ಬಗ್ಗಿ ಅದನ್ನು ಕೆಳಗೆ ಎಳೆದರು. ಅಮೀರ್‌ಜಾನರು ಸಲಾಂ ಹೇಳಿ, ಮತ್ತೆ ಅರ್ಧ ಸುತ್ತಿನಲ್ಲಿ ಮೇಲಕ್ಕೆ ಕಟ್ಟಿದರು.

"ಊರಲ್ಲೂ ಅಂಗೆಯಾ, ಇಲ್ಲೂ ಅಂಗೆಯಾ" ಎಂದರು ಹಿಂದಿನಿಂದ ಜೈನಾಬಿ. "ಆ ದೇಸ್ದವ್ರು ಈ ದೇಸ್ದವ್ರು ಎಲ್ಲಾ ನಿಮ್ ಮಂಡಿ ನೋಡಾಯ್ತು. ಇನ್ನಾರ ಇಳ್ಸಿ."

ಹೊಸಬರಿಗೆ ಹೇಳುವುದೇನೆಂದರೆ, ಈ ಸಣ್ಣ ಸಂಗತಿಗಳನ್ನು ತರಬೇತಿಯಲ್ಲೇ ತಿದ್ದಿ. ಸೊಂಟಕ್ಕೆ ಬೆಲ್ಟು ಬಿಗಿಸಿ. ನೀವು ಅಲ್ಲಿ ನೋಡುವುದು ಪವಿತ್ರ ಸ್ಥಳಗಳನ್ನಲ್ಲ, ಜನರ ಕಾಲುಗಳನ್ನು. ಹಿರಾ ಗುಹೆಯ ಬೆಟ್ಟವನ್ನು ನಾನು ಮೂರು ಸಲವೂ ಕೆಳಗಿನಿಂದ ನೋಡಿದ್ದೇನೆ, ಏಕೆಂದರೆ ಹತ್ತಲಾರದವರ ಜೊತೆ ಬಸ್ಸಿನ ಬಳಿ ನಿಲ್ಲುವ ಪಾಳಿ ನನ್ನದಾಗಿತ್ತು. ಮದೀನಾದಲ್ಲಿ ಪ್ರವಾದಿಯವರ ಮಸೀದಿಯ ಹಸಿರು ಗುಮ್ಮಟವನ್ನು ಬೇರೆಯವರ ಚಪ್ಪಲಿ ಚೀಲಗಳನ್ನು ಹಿಡಿದು ನಿಂತು ನೋಡಿದ್ದೇನೆ. ಲಕ್ಷಾಂತರ ಜನರ ನಡುವೆ ಇದ್ದರೂ ಯಾರೊಂದಿಗೂ ಇಲ್ಲದ ಹಾಗೆ ಇರುತ್ತೀರಿ. ಅವರು ಬೇಡುತ್ತಿರುತ್ತಾರೆ, ನೀವು ತಲೆ ಎಣಿಸುತ್ತಿರುತ್ತೀರಿ. ಇದನ್ನು ದೂರು ಎಂದು ತಿಳಿಯಬೇಡಿ. ಕೆಲಸ ಇರುವುದೇ ಹಾಗೆ.

ನಮ್ಮ ತಂಡದ ಮೇಲಧಿಕಾರಿ ಒಬ್ಬ ವೈದ್ಯರು. ಮಾತು ಕಡಿಮೆ, ಸಿಟ್ಟು ಹೆಚ್ಚು. ಒಮ್ಮೆ ಒಬ್ಬ ವೃದ್ಧರು ಕಾಣೆಯಾದಾಗ ನನ್ನ ಜೊತೆಯವನೊಬ್ಬ "ವಸತಿಯ ಕಡೆ ಹೋದರು" ಎಂದು ಹೇಳಿದ. ನಾವೆಲ್ಲ ವಸತಿಯ ಕಡೆ ಹುಡುಕಿದೆವು. ಅವರು ಸಿಕ್ಕಿದ್ದು ಮರ್ವಾದ ಬಳಿ, ತಲೆ ಬೋಳಿಸುವ ಅಂಗಡಿಯ ಸಾಲಿನಲ್ಲಿ. ವೈದ್ಯರು ಅವನನ್ನು ಕೇಳಿದರು: "ಹೋಗುವುದನ್ನು ನೋಡಿದೆಯಾ?" ಅವನು ನೋಡಿರಲಿಲ್ಲ. ಹೋಗಿರಬೇಕು ಅಂದುಕೊಂಡಿದ್ದ. "ನೋಡಿದ್ದನ್ನು ಹೇಳು. ಅಂದುಕೊಂಡದ್ದನ್ನು ಹೇಳಬೇಡ. ನಿನ್ನ ಅಂದಾಜು ಇನ್ನೊಬ್ಬರ ಪ್ರಾಣಕ್ಕೆ ಬರುತ್ತದೆ" ಎಂದರು. ಬೈಗುಳ ಅವನಿಗಾದರೂ ಅದು ನನ್ನ ಮೈಗೆ ಹತ್ತಿತು. ಈಗ ಯಾತ್ರಿಕರ ಕೈಗೆ ಗುರುತಿನ ಪಟ್ಟಿ ಕಟ್ಟುತ್ತಾರೆ, ಯಾರು ಎಲ್ಲಿದ್ದಾರೆಂದು ಫೋನಿನಲ್ಲೇ ಕಾಣುತ್ತದೆ. ಹಿಂದೆ ಬೋರ್ಡು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆವು. ವಿಧಾನ ಬದಲಾದರೂ ಅವರ ಆ ಮಾತು ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಹಜ್ಜಿನ ದಿನಗಳು ಹತ್ತಿರವಾದಾಗ ಒಂದು ಬೆಳಿಗ್ಗೆ ಜೈನಾಬಿಯ ಕೈಯಿಂದ ಚಹಾ ಲೋಟ ಜಾರಿತು. ನಾನು ಹೋಗುವಷ್ಟರಲ್ಲಿ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಬಲಗೈ ಬಲಗಾಲು ಆಡುತ್ತಿರಲಿಲ್ಲ. ಮಾತು ನಿಂತಿತ್ತು. ನಮ್ಮ ದೇಶದ ಯಾತ್ರಿಕರಿಗೆಂದು ತೆರೆದಿದ್ದ ಆಸ್ಪತ್ರೆಗೆ ಸೇರಿಸಿದೆವು. ಮೊದಲ ದಿನಗಳು ಹೆಚ್ಚಾಗಿ ಪ್ರಜ್ಞೆಯಿಲ್ಲದೆಯೇ ಕಳೆದವು.

ಹಜ್ಜಿನಲ್ಲಿ ಅರಫಾತ್ ಬಯಲಿನಲ್ಲಿ ನಿಲ್ಲುವುದೇ ಮುಖ್ಯ. ಅದಕ್ಕೆಂದು ಗೊತ್ತಾದ ದಿನ ಮಧ್ಯಾಹ್ನದ ಮೇಲೆ ಸ್ವಲ್ಪ ಹೊತ್ತಾದರೂ ಆ ಗಡಿಯೊಳಗೆ ಇರದಿದ್ದರೆ ಉಳಿದದ್ದೆಲ್ಲ ಮಾಡಿದರೂ ಹಜ್ ಇಲ್ಲ. ಅದಕ್ಕಾಗಿ ಆಸ್ಪತ್ರೆಯಲ್ಲಿರುವವರನ್ನೂ ಆಂಬುಲೆನ್ಸಿನಲ್ಲಿ ಅಲ್ಲಿಗೆ ಕರೆದೊಯ್ದು ಸ್ವಲ್ಪ ಹೊತ್ತು ನಿಲ್ಲಿಸಿ ತರುತ್ತಾರೆ. ಒಳಗೆ ಸಂಬಂಧಿಕರಿಗೆ ಜಾಗವಿರುವುದಿಲ್ಲ. ಅಮೀರ್‌ಜಾನರು ಹೆಂಡತಿಯ ಕಿವಿಯ ಬಳಿ ಕೂತು, ಅವರ ಪರವಾಗಿ ಹಜ್ಜಿನ ಸಂಕಲ್ಪ ಹೇಳಿ, ಬೇರೆ ಯಾತ್ರಿಕರ ಜೊತೆ ಬಸ್ಸಿನಲ್ಲಿ ಹೊರಟರು. ಹೊರಡುವಾಗ ನನ್ನ ತೋಳು ಹಿಡಿದುಕೊಂಡರು.

"ಸಾಹೇಬ್ರೆ, ಅವ್ಳು ಕಣ್ ಬುಟ್ರೆ ಇದು ಅರಫಾತು ಅಂತ ಯೋಳಿ. ಗೊತ್ತಾಗ್ಬೇಕು ಅವ್ಳಿಗೆ. ಕೈ ಎತ್ತಿ ಬೇಡ್ಕಬೇಕು. ಮೂವತ್ತೊರ್ಸದಿಂದ ಅದೊಂದೇ ಆಸೆ ಕಣಪ್ಪಾ ಅವ್ಳ್ದು."

ಹೇಳುತ್ತೇನೆ ಎಂದೆ.

ಆ ದಿನ ನಾನು ನೋಡಿದ್ದು ಇಷ್ಟು. ಆಂಬುಲೆನ್ಸಿನಲ್ಲಿ ಇಬ್ಬರು ರೋಗಿಗಳು, ಕೇರಳದ ಒಬ್ಬರು ನರ್ಸ್, ನಾನು. ಜೈನಾಬಿ ಕಿಟಕಿಯ ಕಡೆ. ಬಲಗೈಗೆ ಗ್ಲುಕೋಸ್ ಸೂಜಿ. ಎಡಗೈ ಹೊದಿಕೆಯ ಒಳಗೆ. ಅರಫಾತಿನ ಗಡಿಯ ಹಳದಿ ಬೋರ್ಡು ದಾಟಿದ್ದನ್ನು ನೋಡಿದೆ, ಅದರಲ್ಲಿ ಸಂಶಯವಿಲ್ಲ. ಗಾಡಿ ಒಂದು ಕಡೆ ನಿಂತಿತು. ನಾನು ಕಿಟಕಿಯ ಪರದೆ ಸರಿಸಿದೆ. ಹೊರಗೆ ಧೂಳು ಕೂತ ಬೇವಿನ ಮರಗಳ ಸಾಲು, ಅವುಗಳ ಕೆಳಗೆ ಬಿಳಿ ಬಟ್ಟೆಯ ಜನ. ಎಲ್ಲರ ಕೈಗಳೂ ಮೇಲಿದ್ದವು.

ಜೈನಾಬಿ ಕಣ್ಣು ಬಿಟ್ಟರು. ಕಿಟಕಿಯ ಕಡೆ ನೋಡಿದರು. ತುಟಿ ಆಡಿತು. "ಬೇವಿನ್ಮರ" ಎಂದರು. ತೊದಲು ಇತ್ತು, ಆದರೆ ಮಾತು ಅದೇ. ನಾನು ಬಗ್ಗಿ "ಚಾಚಿ, ಅರಫಾತಿಗೆ ಬಂದಿದ್ದೀವಿ" ಎಂದೆ. ಅವರ ಕಣ್ಣು ನನ್ನ ಕಡೆ ಬಂತು. ನನ್ನನ್ನು ನೋಡಿದರೋ ನನ್ನ ಹಿಂದಿನ ಬಾಗಿಲನ್ನೋ, ಹೇಳಲಾರೆ. ಅಷ್ಟರಲ್ಲಿ ನಳಿಕೆಯಲ್ಲಿ ರಕ್ತ ಹಿಂದಕ್ಕೆ ಬರತೊಡಗಿತು. ನರ್ಸ್ ಬಾಟಲಿಯನ್ನು ನನ್ನ ಕೈಗೆ ಕೊಟ್ಟು ಮೇಲೆ ಹಿಡಿಯಲು ಹೇಳಿದರು. ಹಿಡಿದೆ. ಹನಿ ಸರಿಯಾಗಿ ಬೀಳುವವರೆಗೂ ಬಾಟಲಿಯನ್ನೇ ನೋಡಿದೆ. ಮತ್ತೆ ಕೆಳಗೆ ನೋಡಿದಾಗ ಜೈನಾಬಿಯ ಕಣ್ಣು ಮುಚ್ಚಿತ್ತು. ಎಡಗೈ ಹೊದಿಕೆಯ ಹೊರಗೆ, ಎದೆಯ ಮೇಲೆ ಇತ್ತು. ಅವರೇ ಎತ್ತಿದರೋ, ನರ್ಸ್ ತೆಗೆದಿಟ್ಟರೋ, ನಾನು ನೋಡಲಿಲ್ಲ. ನರ್ಸನ್ನು ಕೇಳಿದೆ. ಅವರು ಇನ್ನೊಬ್ಬ ರೋಗಿಯ ಕಡೆ ತಿರುಗಿದ್ದರಂತೆ, ನೆನಪಿಲ್ಲ ಎಂದರು.

ಮಾರನೇ ದಿನ, ಯಾತ್ರಿಕರು ತಂಗುವ ಮಿನಾದ ಡೇರೆಯಲ್ಲಿ ಅಮೀರ್‌ಜಾನರು ಸಿಕ್ಕಿದರು. ಸೈತಾನನ ಕಂಬಕ್ಕೆ ತಮ್ಮ ಪಾಲಿನ ಕಲ್ಲುಗಳನ್ನೂ ಹೆಂಡತಿಯ ಪಾಲಿನ ಕಲ್ಲುಗಳನ್ನೂ ಎಸೆದು ಬಂದಿದ್ದರು. ಕೂರಲಿಲ್ಲ.

"ಕಣ್ ಬುಟ್ಳಾ?"

"ಬಿಟ್ಟರು ಚಾಚಾ. ಬೇವಿನ ಮರ ಅಂದರು. ನಾನು ಅರಫಾತ್ ಅಂತ ಹೇಳಿದೆ."

"ಆಮೇಕೆ? ಕೈ ಎತ್ತುದ್ಳಾ?"

"ನಾನು ನೋಡಲಿಲ್ಲ. ಬಾಟಲಿ ಹಿಡಿದಿದ್ದೆ." ಎಡಗೈ ಮೊದಲು ಎಲ್ಲಿತ್ತು, ಆಮೇಲೆ ಎಲ್ಲಿತ್ತು ಎಂಬುದನ್ನೂ ಹೇಳಿದೆ.

ಅವರು ತಮ್ಮ ಎಡಗೈಯನ್ನು ಎದೆಯ ಮೇಲೆ ಇಟ್ಟು ನೋಡಿಕೊಂಡರು. ಆಮೇಲೆ "ನಮ್ಮನೆ ಮುಂದೂ ಬೇವಿನ ಮರ ಅದೆ. ಅಲಗೂರು ಅಂದ್ಕಂಡ್ಳೇನೋ" ಎಂದರು.

ಅವರ ಮುಖ ನೋಡಿ ನನಗೆ ಒಂದು ಸಾಲು ಸೇರಿಸಿ ಹೇಳಬಹುದು ಎನ್ನಿಸಿತು. ಹೇಳಲಿಲ್ಲ. ಅದು ಸರಿಯೋ ತಪ್ಪೋ ನೀವೇ ಯೋಚಿಸಿ. ಇಂಥ ಗಳಿಗೆ ನಿಮಗೂ ಬರುತ್ತದೆ.

ಮದ್ದೂರಿಗೆ ಫೋನು ಮಾಡಿ ಹಜರತ್ ಹತ್ತಿರ ಕೇಳಿದೆವು. ಸಂಕಲ್ಪವಾಗಿದ್ದವರು ಪ್ರಜ್ಞೆಯಿಲ್ಲದೆ ಆ ಬಯಲಿನಲ್ಲಿ ಗಳಿಗೆ ಹೊತ್ತು ಇದ್ದರೂ ನಮ್ಮ ಪಂಥದ ಪ್ರಕಾರ ನಿಂತ ಹಾಗೆಯೇ, ಸಂಶಯ ಬೇಡ ಎಂದರು. ಆಮೇಲೆ ಜೈನಾಬಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಕಾಬಾದ ಸುತ್ತು ಮಾಡಿಸಿದೆವು. ನಿಯಮದಂತೆ ಎಲ್ಲ ಮುಗಿಯಿತು. ಅಮೀರ್‌ಜಾನರಿಗೆ ಮುಗಿಯಲಿಲ್ಲ. ಹಜ್ ಆಯಿತೋ ಇಲ್ಲವೋ ಎಂಬುದನ್ನು ಅವರು ಮತ್ತೆ ಕೇಳಲೇ ಇಲ್ಲ. ಅವರು ಕೇಳಿದ್ದು, ಅವಳಿಗೆ ಗೊತ್ತಾಯಿತೋ ಇಲ್ಲವೋ ಎಂದು.

ಹಲಗೂರಿಗೆ ಬಂದಮೇಲೆ ಜೈನಾಬಿ ಸ್ವಲ್ಪ ಚೇತರಿಸಿಕೊಂಡರು. ಕೂರಿಸಿದರೆ ಕೂರುತ್ತಿದ್ದರು, ಎಡಗೈಯಲ್ಲಿ ಅನ್ನ ತಿನ್ನುತ್ತಿದ್ದರು. ಮಾತು ಬರಲಿಲ್ಲ. ಹಜ್ಜಿನಿಂದ ಬಂದವರ ಪ್ರಾರ್ಥನೆ ಫಲಿಸುತ್ತದೆಂದು ಊರವರು ಬಂದು ಎದುರು ಕೂರುತ್ತಿದ್ದರು. ಜೈನಾಬಿ ಬೀದಿ ನೋಡುತ್ತಿದ್ದರು.

ನಾನು ನಿವೃತ್ತನಾದೆ. ನನ್ನ ಹೆಂಡತಿ ಅದಕ್ಕೆ ಮೊದಲೇ ತೀರಿಕೊಂಡಿದ್ದಳು. ಮಂಡ್ಯದ ಮನೆಯಲ್ಲಿ ದಿನ ಉದ್ದವಾಗತೊಡಗಿತು. ಅಮೀರ್‌ಜಾನರು ಆಗಾಗ ಫೋನು ಮಾಡಿ ಬರಹೇಳುತ್ತಿದ್ದರು. ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದೆ. ನನ್ನನ್ನು ಕಂಡರೆ ಪಕ್ಕದ ಮನೆಯ ಪುಟ್ಟೇಗೌಡರು ತಮ್ಮ ಜಗಲಿಯಿಂದಲೇ ಕೂಗುತ್ತಿದ್ದರು.

"ಸಾಕ್ಸಿ ಬಂದ್ರು ಕಣ್ಲಾ ಅಮೀರ. ಕೋರ್ಟು ಸುರು ಮಾಡು."

ಜೈನಾಬಿಯ ಎದುರು ನನ್ನನ್ನು ಕೂರಿಸಿ, ಚಹಾ ಕೊಟ್ಟು, ಅಮೀರ್‌ಜಾನರು ಮೊದಲಿನಿಂದ ಹೇಳಿಸುತ್ತಿದ್ದರು. ಬೋರ್ಡು ದಾಟಿದ್ದು, ಪರದೆ ಸರಿಸಿದ್ದು, ಬೇವಿನ ಮರ. ಒಂದು ಸಲ ಅವರಿಗೆ ಹೊಸ ಯೋಚನೆ ಬಂದಿತ್ತು.

"ಮದ್ದೂರಲ್ಲಿ ನೀವೇ ಯೋಳಿದ್ರಿ ಸಾಹೇಬ್ರೆ. ಅರಫಾತಲ್ಲಿ ಬೇವಿನ ಮರ ಅವೆ, ಬಿಸ್ಲಾದ್ರೆ ಅದ್ರಡಿ ನಿಂತ್ಕಳಿ ಅಂತ. ಅದ ನೆಪ್ಪಿಕ್ಕಂಡು ಅಂದವ್ಳೆ ಇವ್ಳು. ಅರಫಾತು ಅಂತ ಗೊತ್ತಾಗೇ ಅಂದವ್ಳೆ."

ನಾನು ಹಾಗೆ ಹೇಳಿದ್ದು ನಿಜ. "ಇರಬಹುದು ಚಾಚಾ" ಎಂದೆ.

"ಕೈ ಎತ್ತುದ್ಳು ಅಂತ ಯೋಳ್ಬುಡಿ ಅತ್ಲಾಗೆ. ನೀವ್ ಯೋಳುದ್ರೆ ನಂಬ್ತಾಳೆ. ನಾನು ಅಲ್ಲಿರ್ಲಿಲ್ಲ ಅಂತ ಅವ್ಳಿಗೆ ಗೊತ್ತು."

"ನಾನು ನೋಡಲಿಲ್ಲ."

ಪುಟ್ಟೇಗೌಡರು ಜಗಲಿ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದರು. "ಲೇ ಅಮೀರ, ಆ ಮನ್ಸ ನೋಡ್ಲಿಲ್ಲ ಅಂದ್ರೆ ನೋಡ್ಲಿಲ್ಲ ಕಣ್ಲಾ. ಸುಳ್ ಯೋಳ್ಸಿ ಪುಣ್ಯ ಕಟ್ಕತೀಯಾ?"

"ನಿನ್ ಕೆಲ್ಸ ನೋಡೋಗ್ಲಾ" ಎಂದ ಅಮೀರ್‌ಜಾನರು ನನ್ನ ಕಡೆ ಕುರ್ಚಿ ಎಳೆದರು. "ಸಾಹೇಬ್ರೆ, ನೋಡ್ಲಿಲ್ಲ ಅಂದ್ರೆ ಎತ್ಲಿಲ್ಲ ಅಂತಲ್ವಲ್ಲ?"

"ಅಲ್ಲ."

"ಅಂಗಾರೆ ಎತ್ತಿರ್ಬೌದು?"

"ಎತ್ತಿರಬಹುದು."

"ಅಷ್ಟ್ ಸಾಕು. ವಸಿ ಜೋರಾಗ್ ಯೋಳಿ, ಕೇಳುಸ್ಲಿ."

ಜೈನಾಬಿಯ ಕಡೆ ತಿರುಗಿ "ಚಾಚಿ, ನೀವು ಕೈ ಎತ್ತಿರಬಹುದು" ಎಂದೆ. ಅವರು ಬೀದಿ ನೋಡುತ್ತಲೇ ಇದ್ದರು.

ಅಂದಿನಿಂದ ಅಮೀರ್‌ಜಾನರು ಪ್ರತಿ ಮಧ್ಯಾಹ್ನ ಊಟಕ್ಕೆ ಮುಂಚೆ ಅದನ್ನು ತಾವೇ ಹೆಂಡತಿಗೆ ಹೇಳುತ್ತಿದ್ದರಂತೆ. ಸಫಾ, ಮರ್ವಾ, ಮಿನಾ, ಅರಫಾತ್. ಕೊನೆಗೆ "ಎತ್ತಿರ್ಬೌದು ಅಂತ ಸಾಹೇಬ್ರೇ ಅಂದವ್ರೆ" ಎಂದು. ಆ ಮಾತಿನ ಮೇಲೆ ತಾವು ಒಂದು ಅಕ್ಷರವನ್ನೂ ಸೇರಿಸಲಿಲ್ಲವಂತೆ. ಇದನ್ನು ಅವರ ಮಗಳು ನಸೀಮಾ ಆಮೇಲೆ ನನಗೆ ಹೇಳಿದಳು. ಆ ಮನುಷ್ಯನನ್ನು ನಾನು ಅಷ್ಟು ದಿನವೂ ಸರಿಯಾಗಿ ಅರ್ಥಮಾಡಿಕೊಂಡಿರಲಿಲ್ಲ.

ಹೋದ ವರ್ಷ ಅಮೀರ್‌ಜಾನರು ತೀರಿಕೊಂಡರು. ಎದೆನೋವು ಎಂದವರು ಆಸ್ಪತ್ರೆ ತಲುಪಲಿಲ್ಲ. ಮಣ್ಣಿಗೆ ಹೋಗಿ ಬಂದೆ. ಆಮೇಲೆ ಹಲಗೂರಿಗೆ ಹೋಗಲು ನನಗೆ ಕಾರಣವಿರಲಿಲ್ಲ. ಫೋನು ಸುಮ್ಮನಿರುತ್ತಿತ್ತು. ಕೆಲವು ಮಧ್ಯಾಹ್ನ ಮಂಡ್ಯದ ಬಸ್ ನಿಲ್ದಾಣದವರೆಗೆ ಹೋಗಿ, ಮಳವಳ್ಳಿ ಬಸ್ಸು ಹೊರಡುವುದನ್ನು ನೋಡಿ ಮನೆಗೆ ಬರುತ್ತಿದ್ದೆ.

ಒಂದು ದಿನ ನಸೀಮಾಳ ಫೋನು ಬಂತು. "ಮಾಮು, ಮಧ್ಯಾಹ್ನ ಆದ್ರೆ ಅಮ್ಮಿ ಬಾಗ್ಲು ನೋಡ್ತಾ ಕೂತ್ಕತಾರೆ. ಅನ್ನ ಮುಟ್ಟಲ್ಲ. ಅಬ್ಬಾ ಹೇಳ್ತಿದ್ರಲ್ಲ, ಅದ್ಕೇ ಕಾಯ್ತಾರೆ ಅನ್ಸುತ್ತೆ. ನಾನ್ ಹೇಳಕ್ಕೆ ನೋಡ್ದೆ. ನಾನು ಅಲ್ಲಿಗ್ ಹೋಗಿಲ್ವಲ್ಲ, ಮುಖ ತಿರುಗ್ಸ್ಕತಾರೆ. ನೀವೊಂದ್ಸಲ ಬಂದು ಹೇಳ್ತೀರಾ?"

ಹೋದೆ. ಪುಟ್ಟೇಗೌಡರು ಜಗಲಿಯಲ್ಲಿದ್ದರು. ಕೂಗಲಿಲ್ಲ, ತಲೆ ಆಡಿಸಿದರು. ಜೈನಾಬಿ ಬಾಗಿಲ ಬಳಿ ಮಂಚದ ಮೇಲೆ ಕೂತಿದ್ದರು. ಇನ್ನೂ ಸಣ್ಣಗಾಗಿದ್ದರು. ಸೆರಗು ಹೆಗಲ ಮೇಲಿತ್ತು. ನಾನು ಎದುರು ಕುರ್ಚಿ ಹಾಕಿಕೊಂಡು ಮೊದಲಿನಿಂದ ಹೇಳಿದೆ. ಸಫಾದಿಂದ ಮರ್ವಾಕ್ಕೆ ಅವರು ಗಂಡನಿಗಿಂತ ಮುಂದೆ ನಡೆದದ್ದು. ಮಿನಾದ ಬಿಳಿ ಡೇರೆಗಳು. ಹಳದಿ ಬೋರ್ಡು. ಗಾಡಿ ನಿಂತದ್ದು, ಪರದೆ ಸರಿಸಿದ್ದು. ನೀವು ಕಣ್ಣು ಬಿಟ್ಟಿರಿ, ಬೇವಿನ ಮರ ಅಂದಿರಿ, ನಾನು ಬಗ್ಗಿ ಹೇಳಿದೆ ಎಂದೆ. ಆಗ ಹೇಳಿದ ಮಾತನ್ನು ಅದೇ ರೀತಿ ಹೇಳಿದೆ: "ಚಾಚಿ, ಅರಫಾತಿಗೆ ಬಂದಿದ್ದೀವಿ."

ಈ ಸಲ ನನ್ನ ಕೈಯಲ್ಲಿ ಏನೂ ಇರಲಿಲ್ಲ. ನಾನು ಅವರನ್ನೇ ನೋಡುತ್ತಿದ್ದೆ.

ಮಡಿಲಲ್ಲಿದ್ದ ಎಡಗೈ ಅಲುಗಿತು. ನಿಧಾನವಾಗಿ ಮೇಲೆ ಬಂದು ಹೆಗಲ ಮೇಲೆ ತಡಕಿತು. ಸೆರಗಿನ ಅಂಚು ಒಂದು ಸಲ ತಪ್ಪಿತು, ಎರಡನೇ ಸಲ ಸಿಕ್ಕಿತು. ಅದನ್ನು ಎಳೆದು ತಲೆಯ ಮೇಲೆ, ಹಣೆಯವರೆಗೆ ಹೊದ್ದುಕೊಂಡರು. ಮಸೀದಿಯಲ್ಲಿ ಬಾಂಗು ಕೂಗಿದಾಗ ನಮ್ಮ ಹೆಂಗಸರು ಮಾಡುವುದು ಹಾಗೆ.

ನಸೀಮಾ ಅಡುಗೆಮನೆಯಿಂದ ಬಂದವಳು ನಿಂತುಬಿಟ್ಟಳು. "ಬಾಂಗಾಯ್ತಾ ಮಾಮು?"

"ಇಲ್ಲಮ್ಮ" ಎಂದೆ. ಬಾಂಗಿಗೆ ಇನ್ನೂ ಹೊತ್ತಿತ್ತು. ಬೀದಿಯಲ್ಲಿ ಯಾವ ಸದ್ದೂ ಇರಲಿಲ್ಲ.

ಅವರಿಗೆ ಏನು ಗೊತ್ತಾಯಿತು, ಏನು ಗೊತ್ತಾಗಲಿಲ್ಲ, ನಾನು ಹೇಳಲಾರೆ. ಕೈ ಎತ್ತಿದ್ದನ್ನು, ತಲೆಗೆ ಸೆರಗು ಹೊದ್ದದ್ದನ್ನು ನೋಡಿದೆ. ಹಗಲಿನಲ್ಲಿ, ಎದುರಿಗೆ ಕೂತು, ಕಣ್ಣು ತೆಗೆಯದೆ ನೋಡಿದೆ. ಮೂರು ಸಲದ ನಿಯೋಜನೆಯಲ್ಲಿ ಇಷ್ಟು ಖಚಿತವಾಗಿ ನಾನು ಹೇಳಬಲ್ಲಂಥದ್ದು ಇನ್ನೊಂದಿಲ್ಲ.

ನಸೀಮಾ ಅನ್ನ ಕಲಸಿ ತಂದಳು. ಜೈನಾಬಿ ತಿಂದರು. ನಾನು ಎದ್ದು ಹೊರಗೆ ಬಂದು, ಅಭ್ಯಾಸಬಲದಿಂದ, ಇದನ್ನು ಹೇಳುವುದಕ್ಕೆ ಮನೆಯ ಮುಂದೆಲ್ಲ ನೋಡಿದೆ. ಕೇಳಬೇಕಾಗಿದ್ದವರು ಅಮೀರ್‌ಜಾನರೊಬ್ಬರೇ. ಅವರು ಇರಲಿಲ್ಲ.